ಘಟ್ಟ ಬಂದ್ ಆದಾಗ ಅಂಗಡಿ ದರ: ಎಷ್ಟರವರೆಗೆ ನ್ಯಾಯ, ಎಲ್ಲಿಂದ ಸುಲಿಗೆ?

ಅಘನಾಶಿನಿ ದಂಡೆ:
ಈ ಚರ್ಚೆ ಮಳೆಗಾಲಕ್ಕೆ ಮೊದಲೇ ಆಗಿಬಿಡಲಿ. ಗುಡ್ಡ ಜರಿದ ಮೇಲೆ ಶುರುಮಾಡಿದರೆ ಬರೀ ಬೈಗುಳವಾಗುತ್ತದೆ. 2019ರ ಆಗಸ್ಟ್ ನೆರೆ, 2021ರ ಜುಲೈನಲ್ಲಿ ಅರಬೈಲು ಘಟ್ಟದ ಕುಸಿತ ಮತ್ತು ಗುಳ್ಳಾಪುರ ಸೇತುವೆ ಕೊಚ್ಚಿಹೋದದ್ದು, 2024ರ ಜುಲೈ 16ರ ಶಿರೂರು ಗುಡ್ಡ ಕುಸಿತ, ಮೂರು ವಾರ ಕಳೆಯುತ್ತಲೇ ಆಗಸ್ಟ್ 7ರ ನಸುಕಿಗೆ ಕಾರವಾರದ ಹಳೆ ಕಾಳಿ ಸೇತುವೆ ಬಿದ್ದದ್ದು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಆಪತ್ತು ಅಂದರೆ ಹೆಚ್ಚಿನ ಸಲ ರಸ್ತೆ ಕಡಿಯುವುದು ಅಂತಲೇ ಅರ್ಥ. ರಸ್ತೆ ಕಡಿದ ಮಾರನೇ ದಿನ ತಾಡಪಾಲು, ಹೆಂಚು, ಟೊಮೆಟೊ, ಜನರೇಟರ್ ಬಾಡಿಗೆಗೆ ದರ ಏರಿಸುವುದು ತಪ್ಪೇ? ತಪ್ಪಾದರೆ ಎಷ್ಟಕ್ಕೆ ಏರಿಸಿದಾಗ? "ಮಾನವೀಯತೆ ಇರಬೇಕು" ಅನ್ನುವ ಉತ್ತರ ಬೇಡ, ಅದು ಎಲ್ಲರಿಗೂ ಗೊತ್ತು. ಲೆಕ್ಕ ಗೊತ್ತಿದ್ದವರು ಲೆಕ್ಕ ಹೇಳಿ.

ಕಿರಾಣಿ ಖಾತೆ:
ವ್ಯಾಪಾರದ ಕಡೆಯಿಂದ ಹೇಳುತ್ತೇನೆ. ಗಿರಾಕಿಗೆ ಕಾಣುವುದು ಹಳೆ ಖರೀದಿ ದರ. ಅಂಗಡಿಯವನು ನೋಡಬೇಕಾದ್ದು ಮುಂದಿನ ಖರೀದಿ ದರ. ಹತ್ತು ತಾಡಪಾಲು 1,000ದಂತೆ ತಂದು 1,100ಕ್ಕೆ ಮಾರಿದೆ ಅನ್ನಿ. ಕೈಗೆ ಬಂದದ್ದು 11,000. ಹುಬ್ಬಳ್ಳಿಯಲ್ಲಿ ಈಗ ಅದೇ ಮಾಲು 1,300. ಮತ್ತೆ ಹತ್ತು ತರಬೇಕಾದರೆ 13,000 ಬೇಕು, 2,000 ಕೈಯಿಂದ ಹಾಕಬೇಕು. ಹಾಕದಿದ್ದರೆ ಬರುವುದು ಎಂಟೇ. ಜನರಿಗೆ ಮಾಲು ಹೆಚ್ಚು ಬೇಕಾದ ವಾರದಲ್ಲೇ ಅಂಗಡಿಯಲ್ಲಿ ಮಾಲು ಕಡಿಮೆಯಾಗುತ್ತದೆ. "ಹಳೆ ಸ್ಟಾಕು ಹಳೆ ದರಕ್ಕೇ ಕೊಡು" ಅನ್ನುವವರು ಈ 2,000 ಯಾರು ಕೊಡಬೇಕು ಅಂತಲೂ ಹೇಳಬೇಕು.

ಇನ್ನೊಂದು ಮಾತು. ನೆರೆ ಬಂದ ವಾರ ಅರ್ಧ ಊರು ಉದ್ರಿಯಲ್ಲೇ ನಡೆಯುತ್ತದೆ. ನಗದು ತೆತ್ತು ಮಾಲು ತಂದು ಉದ್ರಿ ಕೊಡುವವನ ಬಡ್ಡಿ ಯಾರ ಲೆಕ್ಕದಲ್ಲೂ ಬರುವುದಿಲ್ಲ.

ಶಿರಸಿ ಸೀಮೆ:
ಖಾತೆಯವರೆ, ಲೆಕ್ಕ ಸರಿ, ಆದರೆ ಅರ್ಧ ಲೆಕ್ಕ. ಹದಿನೈದು ದಿನದ ಮೇಲೆ ಘಟ್ಟ ತೆರೆದು ದರ ಮತ್ತೆ 1,000ಕ್ಕೆ ಇಳಿದರೆ, ಮೊದಲ ದಿನ ಹಳೆ ಸ್ಟಾಕನ್ನು 1,400ಕ್ಕೆ ಮಾರಿ ಉಳಿಸಿಕೊಂಡ 300 ಎಲ್ಲಿಗೆ ಹೋಯಿತು? ಮುಂದಿನ ಖರೀದಿಗೆ ಅಂತ ತೆಗೆದ ಹಣ ಮುಂದಿನ ಖರೀದಿಗೆ ಬೇಕಾಗಲೇ ಇಲ್ಲ. ಅದು ಬರೀ ಲಾಭ.

ಕಿರಾಣಿ ಖಾತೆ:
ಅದೇ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಿ ಶಿರಸಿ ಸೀಮೆಯವರೆ. 1,300ಕ್ಕೆ ತಂದು ಮಾರಾಟವಾಗದೆ ಉಳಿದ ಇಪ್ಪತ್ತು ತಾಡಪಾಲು ಘಟ್ಟ ತೆರೆದ ಮೇಲೆ 1,100ಕ್ಕೇ ಹೋಗುತ್ತದೆ. ಆ ನಷ್ಟ ಹಂಚಿಕೊಳ್ಳಲು ಯಾವ ಗಿರಾಕಿಯೂ ಬರುವುದಿಲ್ಲ.

ಅರಬೈಲು ಲೋಡು:
ಇಬ್ಬರೂ "ಹುಬ್ಬಳ್ಳಿಯಲ್ಲಿ 1,300" ಅಂತ ಹಿಡಿದುಕೊಂಡಿರಿ. ಹುಬ್ಬಳ್ಳಿಯಲ್ಲಿ ಯಾಕೆ ಏರುತ್ತದೆ ಮಾರಾಯ್ರೆ? ಗುಡ್ಡ ಕುಸಿದದ್ದು ಇಲ್ಲಿ. ಅಲ್ಲಿನ ಸಗಟು ದರಕ್ಕೆ ನಮ್ಮ ಜಿಲ್ಲೆಯ ನಾಲ್ಕು ತಾಲೂಕಿನ ಬೇಡಿಕೆ ದೊಡ್ಡದೇನಲ್ಲ. ಬೆಳಗಾವಿ, ಧಾರವಾಡ, ಕೊಲ್ಲಾಪುರದ ಕಡೆಯೂ ನೆರೆ ಬಂದಿದ್ದರೆ ಮಾತು ಬೇರೆ. 2019ರಲ್ಲಿ ಹಾಗೆಯೇ ಆಗಿತ್ತು. ಬರೀ ಘಟ್ಟ ಬಂದ್ ಆದ ವರ್ಷ ಏರಬೇಕಾದ್ದು ಸಾಗಾಟದ ಖರ್ಚು ಮಾತ್ರ. ಅದನ್ನು ಲೆಕ್ಕ ಹಾಕೋಣ. ದರಗಳು ಉದಾಹರಣೆಗೆ ಹಿಡಿದವು, ನಿಮ್ಮ ದರ ಹಾಕಿ ನೋಡಿಕೊಳ್ಳಿ.

ಯಲ್ಲಾಪುರದಿಂದ ಅರಬೈಲು ಇಳಿದರೆ ಅಂಕೋಲೆಗೆ ಸುಮಾರು 65 ಕಿ.ಮೀ. ಅದು ಬಂದ್ ಆಗಿ ಶಿರಸಿ, ದೇವಿಮನೆ ಘಟ್ಟ, ಕುಮಟಾ ಸುತ್ತಿದರೆ 140ರ ಹತ್ತಿರ. ಒಂದು ಕಡೆಗೆ 75 ಹೆಚ್ಚು, ಹೋಗಿ ಬರಲು 150. ಹತ್ತು ಚಕ್ರದ ಲಾರಿ ಲೀಟರಿಗೆ 4 ಕಿ.ಮೀ. ಕೊಟ್ಟರೆ 38 ಲೀಟರ್ ಡೀಸೆಲ್, 90 ರೂಪಾಯಿಯಂತೆ ಸುಮಾರು 3,400. ಒಂದು ದಿನ ಕಾಯಬೇಕಾಯಿತು, ಹಾಲ್ಟಿಂಗು ಮತ್ತು ಡ್ರೈವರ್ ಭತ್ಯೆ ಅಂತ 4,000 ಸೇರಿಸಿ. ಒಟ್ಟು 7,400. ಲೋಡು 15 ಟನ್. ಕಿಲೋಗೆ 50 ಪೈಸೆ! "ಸುತ್ತು ಹಾಕಿ ಬರ್ಬೇಕು, ಅದಕ್ಕೇ ಅಕ್ಕಿ ಕಿಲೋಗೆ ಎಂಟು ರೂಪಾಯಿ ಜಾಸ್ತಿ" ಅನ್ನುವವರಿಗೆ ಈ ಲೆಕ್ಕ ತೋರಿಸಿ.

ನಿಜವಾದ ಖರ್ಚು ಬರುವುದು ಭಾರಿ ವಾಹನ ನಿಷೇಧವಾದಾಗ. ದೇವಿಮನೆಯಲ್ಲಿ ಬರೀ ಸಣ್ಣ ಗಾಡಿ ಬಿಟ್ಟರೆ ಲಾರಿ ಮಾಲನ್ನು ಪಿಕಪ್ಪಿಗೆ ಇಳಿಸಬೇಕು. ಹುಬ್ಬಳ್ಳಿಯಿಂದ ಶಿರಸಿ, ಕುಮಟಾ ಮೇಲೆ ಅಂಕೋಲೆಗೆ 195–200 ಕಿ.ಮೀ., ಹೋಗಿ ಬರಲು 400. ಕಿಲೋಮೀಟರಿಗೆ 18 ರೂಪಾಯಿ ಬಾಡಿಗೆ ಹಿಡಿದರೆ 7,200. ಹೊರುವುದು ಒಂದೂವರೆ ಟನ್. ಕಿಲೋಗೆ 4 ರೂಪಾಯಿ 80 ಪೈಸೆ. ನೇರ ದಾರಿಯ ಲಾರಿಯಲ್ಲಿ ಇದೇ ಖರ್ಚು 70–75 ಪೈಸೆ. ಎರಡು ಸಲದ ಹಮಾಲಿ ಸೇರಿಸಿದರೂ ಕಿಲೋಗೆ 5 ರೂಪಾಯಿಯ ಆಸುಪಾಸು ಏರಿಕೆ ನ್ಯಾಯ. ಈರುಳ್ಳಿ, ಬಟಾಟೆ, ಅಕ್ಕಿ, ಸಕ್ಕರೆಗೆ ಇದಕ್ಕಿಂತ ಹೆಚ್ಚು ಕೇಳಿದರೆ ಬೇರೆ ಕಾರಣ ತೋರಿಸಬೇಕು.

ಟೊಮೆಟೊ, ಕೊತ್ತಂಬರಿ, ಬೀನ್ಸಿನ ಕಥೆ ಬೇರೆ. ಅಲ್ಲಿ ಡೀಸೆಲ್‌ಗಿಂತ ಕೊಳೆತದ್ದರ ಲೆಕ್ಕ ದೊಡ್ಡದು. 25 ಕಿಲೋ ಕ್ರೇಟಿಗೆ 500, ಅಂದರೆ ಕಿಲೋಗೆ 20. ದಾರಿಯಲ್ಲಿ ಒಂದೂವರೆ ದಿನ ತಾಡಪಾಲಿನ ಅಡಿ ಬೆವರಿ 5 ಕಿಲೋ ಹೋದರೆ ಉಳಿದ 20 ಕಿಲೋಗೆ ಅದೇ 500 ಬೀಳುತ್ತದೆ, ಕಿಲೋಗೆ 25. ಅದರ ಮೇಲೆ ಸಾಗಾಟದ 5. ಹೀಗೆ 20ರ ಟೊಮೆಟೊ ಅಂಗಡಿ ಲಾಭಕ್ಕೆ ಮೊದಲೇ 30 ಆಗುತ್ತದೆ. 60 ಆಗುವುದಿಲ್ಲ.

ಅಘನಾಶಿನಿ ದಂಡೆ:
ನನಗೆ ಬೇಕಿದ್ದದ್ದು ಇಂಥದ್ದೇ. ಆದರೆ ತಕರಾರೂ ಒಂದಿದೆ. ಅರ್ಥಶಾಸ್ತ್ರ ಓದಿದವರು ಹೇಳುತ್ತಾರಲ್ಲ, ದರ 60ಕ್ಕೆ ಏರಲು ಬಿಡಿ, ಆ ಲಾಭ ನೋಡಿ ಇನ್ನೂ ಹತ್ತು ಪಿಕಪ್ಪು ಇಳಿಯುತ್ತವೆ, ದರ ತಾನಾಗಿ ಬೀಳುತ್ತದೆ ಅಂತ?

ಶಿರಸಿ ಸೀಮೆ:
ಆ ವಾದವನ್ನು ತಳ್ಳಿಹಾಕಬೇಡಿ, ಆದರೆ ಅದು ಎಲ್ಲಿ ಕೆಲಸ ಮಾಡುತ್ತದೆ ಅಂತ ನೋಡಿ. ಏರಿದ ದರ ಇನ್ನೊಂದು ಲೋಡು ತರುವಂತಿದ್ದರೆ ಅದಕ್ಕೆ ಒಂದು ಸಮರ್ಥನೆ ಇದೆ. ತರುವಂತಿಲ್ಲದಿದ್ದರೆ ಅದು ಇದ್ದ ಮಾಲನ್ನು ಬಡವರ ಕೈಯಿಂದ ಉಳ್ಳವರ ಕೈಗೆ ದಾಟಿಸುತ್ತದೆ, ಅಷ್ಟೇ. ಎಲ್ಲ ದಾರಿ ಕಡಿದು ದ್ವೀಪವಾದ ಊರಿಗೆ ಮೊದಲ ಮೂರು ದಿನ ನೂರು ರೂಪಾಯಿ ಕೊಟ್ಟರೂ ಟೊಮೆಟೊ ಬರುವುದಿಲ್ಲ. ಮಣ್ಣು ತೆಗೆಯುವುದು ಇಟಾಚಿ ಯಂತ್ರ, ದರ ಅಲ್ಲ. ಆ ಮೂರು ದಿನದ ಏರಿಕೆಗೆ "ಪೂರೈಕೆ ಹೆಚ್ಚುತ್ತದೆ" ಅನ್ನುವ ನೆಪ ಸಲ್ಲದು. ನಾಲ್ಕನೇ ದಿನ ಸಣ್ಣ ಗಾಡಿಗೆ ದಾರಿ ಬಿಟ್ಟಾಗ ಮಾತ್ರ, ಬೇರೆ ಕಡೆ ದಿನಕ್ಕೆ 3,000 ದುಡಿಯುವ ಪಿಕಪ್ಪಿನವನನ್ನು ಈ ಕಡೆ ಎಳೆಯಲು ಬಾಡಿಗೆ ಸ್ವಲ್ಪ ಏರಲೇಬೇಕು. ಅಲ್ಲಿ ಬಾಡಿಗೆಗೆ ಮಿತಿ ಹೇರಿದರೆ ಗಾಡಿ ಬರುವುದೇ ಇಲ್ಲ.

ಕಾಳಿ ಸೇತುವೆಯದ್ದು ಇನ್ನೊಂದು ಬಗೆ. ಬಿದ್ದದ್ದು ಹಳೆಯದು, ಪಕ್ಕದ ಹೊಸ ಸೇತುವೆಯನ್ನು ಪರಿಶೀಲಿಸಿ ಎರಡೂ ದಿಕ್ಕಿನ ವಾಹನ ಅದರ ಮೇಲೆ ಬಿಟ್ಟರು. ಸಾಗಾಟದ ದೂರ ಒಂದು ಕಿಲೋಮೀಟರೂ ಹೆಚ್ಚಲಿಲ್ಲ. ಅಂಥ ಕಡೆ ಸೇತುವೆಯ ಹೆಸರು ಹೇಳಿ ಏರಿಸಿದರೆ ಅದು ಬರೀ ಸುದ್ದಿಯ ಮೇಲಿನ ವ್ಯಾಪಾರ.

ಇನ್ನು ಜನ ಇದನ್ನು ಹೇಗೆ ನೋಡುತ್ತಾರೆ ಅನ್ನುವುದು. ಕಾನೆಮನ್, ನೆಟ್ಷ್, ಥೇಲರ್ ಎಂಬ ಮೂವರು ಸಂಶೋಧಕರು 1986ರಲ್ಲಿ ಪ್ರಕಟಿಸಿದ ಕೆನಡಾದ ಸಮೀಕ್ಷೆಯಲ್ಲಿ, ಹಿಮಪಾತದ ಮಾರನೇ ಬೆಳಿಗ್ಗೆ 15 ಡಾಲರಿನ ಸಲಿಕೆಯನ್ನು 20 ಡಾಲರಿಗೆ ಮಾರಿದ್ದು ಅನ್ಯಾಯ ಅಂದವರು 82%. ಅದೇ ಅಧ್ಯಯನದ ಪ್ರಕಾರ ಸಗಟು ದರ ಏರಿದ್ದಕ್ಕೆ ಏರಿಸಿದರೆ ಹೆಚ್ಚಿನವರ ಆಕ್ಷೇಪವಿಲ್ಲ. ನಮ್ಮ ಸಂತೆಯಲ್ಲಿ ಕೇಳಿದರೂ ಹೆಚ್ಚುಕಡಿಮೆ ಇದೇ ಉತ್ತರ ಬರುತ್ತದೆ ಅನಿಸುತ್ತದೆ. ಖರ್ಚು ಏರಿದರೆ ಜನ ಗೊಣಗಿಕೊಂಡು ಕೊಡುತ್ತಾರೆ. ತನ್ನ ಗತಿಗೇಡನ್ನೇ ದರ ಮಾಡಿದ್ದಾನೆ ಅನಿಸಿದ ಅಂಗಡಿಗೆ ಮತ್ತೆ ಕಾಲಿಡುವುದಿಲ್ಲ.

ತೂಕ ಅಳತೆ:
ಕಾನೂನು ಎಲ್ಲಿ ಹಿಡಿಯುತ್ತದೆ, ಎಲ್ಲಿ ಹಿಡಿಯುವುದಿಲ್ಲ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಪ್ರತಿ ಸಲ "ಇದಕ್ಕೆ ಜೈಲೇ" ಅಂತ ಯಾರೋ ಬರೆಯುತ್ತಾರೆ.

ಮುದ್ರಿತ ಎಂಆರ್‌ಪಿ ಇರುವ ಪೊಟ್ಟಣ, ಅಂದರೆ ಹಾಲು, ಬಿಸ್ಕಿಟ್, ಮೇಣದಬತ್ತಿ, ನೀರಿನ ಬಾಟಲಿ, ಇವನ್ನು ಎಂಆರ್‌ಪಿಗಿಂತ ಹೆಚ್ಚಿಗೆ ಮಾರುವಂತಿಲ್ಲ. 2011ರ ಪೊಟ್ಟಣ ಸರಕುಗಳ ನಿಯಮದ 18ನೇ ನಿಯಮ ಅದು. ಆಪತ್ತು ಇರಲಿ ಬಿಡಲಿ, ಸಾಗಾಟ ಎಷ್ಟೇ ಆಗಲಿ, ವಿನಾಯಿತಿ ಇಲ್ಲ. ದರದ ಮೇಲೆ ಚೀಟಿ ಅಂಟಿಸಿ ಏರಿಸುವುದೂ ಅದೇ ನಿಯಮದಲ್ಲಿ ತಪ್ಪು. ಔಷಧಕ್ಕೆ ಇದರ ಜೊತೆ 2013ರ ಔಷಧ ಬೆಲೆ ನಿಯಂತ್ರಣ ಆದೇಶವಿದೆ.

ಹೆಂಚು, ತರಕಾರಿ, ಮೀನು, ರೋಲಿನಿಂದ ಕತ್ತರಿಸಿ ಕೊಡುವ ಪ್ಲಾಸ್ಟಿಕ್, ಜೆಸಿಬಿ ಬಾಡಿಗೆ, ದೋಣಿ ಬಾಡಿಗೆ: ಇವುಗಳ ಮೇಲೆ ಎಂಆರ್‌ಪಿ ಇಲ್ಲ. 1955ರ ಅಗತ್ಯ ವಸ್ತುಗಳ ಕಾಯ್ದೆಯ ಪಟ್ಟಿಯಲ್ಲಿ ಆಹಾರ ಪದಾರ್ಥ, ಔಷಧ, ಗೊಬ್ಬರ, ಪೆಟ್ರೋಲಿಯಂ, ಬೀಜ, ಸೆಣಬು, ನೂಲು ಇವೆ. ತಾಡಪಾಲೂ ಇಲ್ಲ, ಹೆಂಚೂ ಇಲ್ಲ. ಬೇಕಾದಾಗ ಸೇರಿಸಬಹುದು. 2020ರ ಮಾರ್ಚ್ 13ರಂದು ಮಾಸ್ಕ್ ಮತ್ತು ಸ್ಯಾನಿಟೈಸರನ್ನು ಕೇಂದ್ರ ಸೇರಿಸಿತು. ಮಾರ್ಚ್ 21ರಂದು ಮೂರು ಪದರದ ಮಾಸ್ಕಿಗೆ 10, ಎರಡು ಪದರದ್ದಕ್ಕೆ 8, 200 ಮಿ.ಲೀ. ಸ್ಯಾನಿಟೈಸರಿಗೆ 100 ರೂಪಾಯಿ ಅಂತ ಮಿತಿ ಹಾಕಿತು. ಅಂಥ ಆದೇಶ ಮುರಿದರೆ 7ನೇ ಕಲಮಿನಲ್ಲಿ ಮೂರು ತಿಂಗಳಿಂದ ಏಳು ವರ್ಷದ ತನಕ ಶಿಕ್ಷೆ. ಆದೇಶವೇ ಇಲ್ಲದಿದ್ದರೆ ಮುರಿಯಲು ಏನೂ ಇಲ್ಲ. ನೆರೆ ಬಂದ ಊರಲ್ಲಿ ಹೆಂಚಿನ ದರ ಇಮ್ಮಡಿಸಿದ ಅಂತ ನೇರವಾಗಿ ಹಿಡಿಯುವ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದೆ: ತುರ್ತುಸ್ಥಿತಿ ಘೋಷಣೆಯಾದ ಮೇಲೆ ಹಿಂದಿನ ದರಕ್ಕಿಂತ 10%ಗಿಂತ ಹೆಚ್ಚು ಏರಿಸುವಂತಿಲ್ಲ, ತನ್ನ ಖರ್ಚು ಏರಿದ್ದನ್ನು ತೋರಿಸಿದರೆ ಮಾತ್ರ ಅದರ ಮೇಲೆ ವಾಡಿಕೆಯ ಲಾಭ ಇಡಬಹುದು.

ಜಿಲ್ಲಾಧಿಕಾರಿ ಕೈಯಲ್ಲಿ ಇರುವ ಗಟ್ಟಿ ಅಸ್ತ್ರ 2005ರ ವಿಪತ್ತು ನಿರ್ವಹಣಾ ಕಾಯ್ದೆಯ 65ನೇ ಕಲಮು. ರಕ್ಷಣಾ ಕೆಲಸಕ್ಕೆ ಬೇಕಾದ ವಾಹನ, ಸಾಮಗ್ರಿ, ಕಟ್ಟಡವನ್ನು ವಶಕ್ಕೆ ಪಡೆಯಬಹುದು. ಪುಕ್ಕಟೆಯಲ್ಲ: 66ರ ಪ್ರಕಾರ ಪರಿಹಾರ ಕೊಡಬೇಕು, ವಾಹನಕ್ಕಾದರೆ ಆ ಊರಲ್ಲಿ ನಡೆಯುವ ಬಾಡಿಗೆ ದರದ ಲೆಕ್ಕದಲ್ಲಿ.

ಬೈತಖೋಲ:
ಮೀನನ್ನು ಈ ಪಟ್ಟಿಯಲ್ಲಿ ಸೇರಿಸಬೇಡಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿ ನಿಷೇಧ; ಆ 61 ದಿನ ಬಂಗಡೆಗೆ ಎಷ್ಟೇ ದರ ಬಂದರೂ ಅದಕ್ಕೆ ಆಪತ್ತು ಕಾರಣವಲ್ಲ. ಹರಾಜಿನಲ್ಲಿ ಏರುತ್ತದೆ, ಬೇಡವಾದವರು ಒಣಮೀನು ತಿನ್ನುತ್ತಾರೆ. ಪರ್ಯಾಯ ಇರುವ ಮಾಲು, ಇಲ್ಲದ ಮಾಲು ಎರಡನ್ನೂ ಒಂದೇ ಅಳತೆಯಲ್ಲಿ ಅಳೆಯಬಾರದು.

ದೋಣಿಯ ಬಗ್ಗೆ ಹೇಳುವುದಿದೆ. ಸೇತುವೆ ಹೋದ ಕಡೆ ಜನ ದಾಟಿಸುವ ಕಡವಿನಲ್ಲಿ ತಲೆಗೆ ಇಷ್ಟು ಅಂತ ದರ ಇಡುವುದು ಎರಡು ರೀತಿಯಲ್ಲಿ ತಪ್ಪು ದಾರಿ. ಒಂದು, ಹೆಚ್ಚು ತಲೆ ಹತ್ತಿಸಿದಷ್ಟೂ ಹೆಚ್ಚು ದುಡ್ಡು, ಕೆಂಪು ನೀರು ತುಂಬಿ ಹರಿಯುವಾಗ ಅದು ಮುಳುಗುವ ದಾರಿ. ಇನ್ನೊಂದು, ಮೂರು ಮಕ್ಕಳಿರುವ ತಾಯಿ ನಾಲ್ಕು ಪಟ್ಟು ಕೊಡಬೇಕಾಗುತ್ತದೆ. ಖೇಪಿಗೆ ಇಷ್ಟು ಅಂತ ಪಂಚಾಯ್ತಿಯೇ ಗೊತ್ತುಮಾಡಿ, ಎಷ್ಟು ಜನ ಅಂತ ದೋಣಿಯ ಮೇಲೆ ಬಣ್ಣದಲ್ಲಿ ಬರೆಸಿ, ದಿನದ ಕೊನೆಗೆ ಪಾವತಿಸುವುದು ಸರಿ. ದೋಣಿಯವನ ದರ ಎಂದಿಗಿಂತ ಹೆಚ್ಚೇ ಇರಲಿ: ತೇಲಿಬರುವ ಮರದ ದಿಮ್ಮಿ ಬಡಿದರೆ ಹೋಗುವುದು ಅವನ ದೋಣಿ. ಆ ಅಪಾಯದ ಬೆಲೆಯನ್ನು ಸುಲಿಗೆ ಅನ್ನಲಾಗದು.

ಅರಬೈಲು ಲೋಡು:
ಜೆಸಿಬಿಗೂ ಇದೇ. ಕುಸಿದ ಗುಡ್ಡದ ಬುಡದಲ್ಲಿ ಕೆಲಸ ಅಂದರೆ ಮೇಲಿಂದ ಎರಡನೇ ಸಲ ಜರಿಯುವ ಭಯ ಇದ್ದೇ ಇದೆ. ಅಂಗಳದ ಕೆಸರು ಎತ್ತುವುದಕ್ಕೂ ಅದೇ ದರ ಕೇಳಿದರೆ ಒಪ್ಪಬೇಡಿ. ಮಾತಾಡುವಾಗ ಗಂಟೆ ದರ ಎಷ್ಟು, ಮೀಟರ್ ಎಲ್ಲಿಂದ ಓಡುತ್ತದೆ, ಬಂದುಹೋಗುವ ಗಂಟೆ ಯಾರ ತಲೆಗೆ, ಇಷ್ಟನ್ನು ಕೇಳಿ. ಒಂದೇ ಕೇರಿಯ ಐದು ಮನೆಯವರು ಸೇರಿ ಕರೆಸಿದರೆ ಬಂದುಹೋಗುವ ಎರಡು ಗಂಟೆ ಐದು ಪಾಲಾಗುತ್ತದೆ. ದರ ಕಡಿಮೆ ಮಾಡು ಅಂತ ಗೋಗರೆಯುವುದಕ್ಕಿಂತ ಇದು ಮೇಲು.

ತೂಕ ಅಳತೆ:
ದರ ಏರಿಸದೆ ಸುಲಿಯುವ ದಾರಿಯೂ ಒಂದಿದೆ, ಅದನ್ನು ಯಾರೂ ಹೇಳಲಿಲ್ಲ. ತಾಡಪಾಲಿನ ದಪ್ಪವನ್ನು ಜಿಎಸ್‌ಎಂನಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರ್ ಎಷ್ಟು ಗ್ರಾಂ ತೂಗುತ್ತದೆ ಅಂತ. ಗಡಿಬಿಡಿಯಲ್ಲಿ 90 ಜಿಎಸ್‌ಎಂ ಹಾಳೆಯನ್ನು 200 ಅಂತ ದಾಟಿಸುತ್ತಾರೆ. ಘಟ್ಟದ ಮಳೆ ಗಾಳಿಗೆ ಅದು ವಾರದಲ್ಲೇ ಗೂಟದ ಕಣ್ಣಿನಿಂದ ಹರಿಯುತ್ತದೆ. ಪರೀಕ್ಷೆಗೆ ಅಂಗಡಿಯ ತಕ್ಕಡಿಯೇ ಸಾಕು. 18 ಅಡಿ ಅಗಲ 24 ಅಡಿ ಉದ್ದ ಅಂದರೆ 40 ಚದರ ಮೀಟರ್. 200 ಜಿಎಸ್‌ಎಂ ಆಗಿದ್ದರೆ 8 ಕಿಲೋ ತೂಗಬೇಕು. 90 ಆಗಿದ್ದರೆ 3 ಕಿಲೋ 600 ಗ್ರಾಂ. ಇದಕ್ಕೆ ಯಾವ ವಾದವೂ ಬೇಡ, ಎತ್ತಿ ತಕ್ಕಡಿಗೆ ಹಾಕಿ. ಅಳತೆಯನ್ನೂ ಟೇಪಿನಿಂದ ಅಳೆಯಿರಿ, ಅಂಚು ಮಡಚಿ ಹೊಲಿದ ಮೇಲೆ ಅರ್ಧ ಅಡಿ ಕಡಿಮೆ ಬಂದರೆ ತೂಕವೂ ಅಷ್ಟು ಇಳಿಯುತ್ತದೆ.

ಶಿರಸಿ ಸೀಮೆ:
ಅಡಿಕೆ ತೋಟದವರಿಗೆ ಮೈಲುತುತ್ತದಲ್ಲೂ ಇದೇ ಗೋಳು. ಮಳೆ ಎರಡು ದಿನ ಬಿಡುವು ಕೊಟ್ಟರೆ ಊರಿಗೆ ಊರೇ ಕೊಳೆರೋಗದ ಔಷಧಿ ಹೊಡೆಯಲು ಹೊರಡುತ್ತದೆ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೇಕೇ ಬೇಕು, ಮುಂದೂಡಿದರೆ ಫಸಲು ಉದುರುತ್ತದೆ. ಅಂಥ ಹೊತ್ತಲ್ಲಿ ಕಬ್ಬಿಣದ ಅಂಶ ಬೆರೆಸಿದ್ದು ಮಾರುಕಟ್ಟೆಗೆ ಬರುತ್ತದೆ. ಚಿಟಿಕೆ ಕರಗಿಸಿ ಅಮೋನಿಯಾ ಹೆಚ್ಚೇ ಹಾಕಿದರೆ ಶುದ್ಧ ಮೈಲುತುತ್ತ ತಿಳಿಯಾದ ಕಡುನೀಲಿ ಆಗುತ್ತದೆ. ಕಂದು ಗಸಿ ಕೂತರೆ ಕಬ್ಬಿಣ ಇದೆ. ಸಹಕಾರಿ ಸಂಘಗಳು ಮೇ ತಿಂಗಳಲ್ಲೇ ದಾಸ್ತಾನು ಮಾಡಿ ಸದಸ್ಯರಿಗೆ ಅದೇ ದರಕ್ಕೆ ಕೊಟ್ಟರೆ ಖಾಸಗಿ ಅಂಗಡಿಯ ದರ ತಾನಾಗಿ ಹತೋಟಿಯಲ್ಲಿರುತ್ತದೆ. ಉಪದೇಶಕ್ಕಿಂತ ಪಕ್ಕದ ಅಂಗಡಿಯ ದರಪಟ್ಟಿ ಹೆಚ್ಚು ಪರಿಣಾಮಕಾರಿ.

ಕಿರಾಣಿ ಖಾತೆ:
ಸಂಘಕ್ಕೆ ಗೋದಾಮು ಇದೆ, ಸಾಲ ಇದೆ. ನಮ್ಮಂಥವರು ಮೇ ತಿಂಗಳಲ್ಲೇ ನೂರು ತಾಡಪಾಲು ತಂದಿಟ್ಟು ಮಳೆ ಮೆತ್ತಗಾದರೆ ಇಲಿ ಕಡಿಯುತ್ತದೆ. ಮುಂಚೆಯೇ ದಾಸ್ತಾನು ಮಾಡಿದವನಿಗೆ ಎರಡು ಕಾಸು ಹೆಚ್ಚು ಸಿಗದಿದ್ದರೆ ಯಾರೂ ದಾಸ್ತಾನು ಮಾಡುವುದಿಲ್ಲ.

ಅಘನಾಶಿನಿ ದಂಡೆ:
ಒಪ್ಪಿದೆ. ಆದರೆ ಕೊಳ್ಳುವವನ ಕೈಯಲ್ಲಿ ಇರುವುದೆಷ್ಟು ಅಂತಲೂ ನೋಡಿ. ರಾಜ್ಯ ವಿಪತ್ತು ಪರಿಹಾರ ನಿಧಿಯ 2022–26ರ ಮಾನದಂಡದಲ್ಲಿ ಭಾಗಶಃ ಹಾನಿಯಾದ ಕಚ್ಚಾ ಮನೆಗೆ 4,000, ಪಕ್ಕಾ ಮನೆಗೆ 6,500. ಮನೆ ಕೊಚ್ಚಿಹೋದವರಿಗೆ ಬಟ್ಟೆಗೆ 2,500, ಪಾತ್ರೆಗೆ 2,500. ರಾಜ್ಯ ಸರ್ಕಾರ ಇದರ ಮೇಲೆ ಸೇರಿಸಿದರೆ ಆಯ್ತು, ಇಲ್ಲದಿದ್ದರೆ ಇಷ್ಟೇ. ನೂರು ಚದರಡಿ ಮಾಡಿಗೆ 140–150 ಮಂಗಳೂರು ಹೆಂಚು ಬೇಕು. ಹೆಂಚಿಗೆ 30ರಂತೆ 4,500 ಆಯಿತು, ಕಚ್ಚಾ ಮನೆಯ ಪರಿಹಾರ ಅಲ್ಲಿಗೇ ಮುಗಿಯಿತು. ಹೆಂಚು 45 ಆದರೆ? ಪರಿಹಾರ ರೂಪಾಯಿಯಲ್ಲಿ ನಿಗದಿ, ಮಾಲಿನ ದರಕ್ಕೆ ಮಿತಿ ಇಲ್ಲ. ಏರಿದ ಅಷ್ಟೂ ಪರಿಹಾರದ ಹಣ ಅಂಗಡಿಗೆ ಜಮಾ. ನನಗೆ ಅನ್ಯಾಯ ಕಾಣುವುದು ಇಲ್ಲಿ. ಪರಿಹಾರವನ್ನು ದುಡ್ಡಿನ ಬದಲು ಹೆಂಚು, ತಾಡಪಾಲು ರೂಪದಲ್ಲೇ ಹೊರಗಿನಿಂದ ತಂದು ಕೊಟ್ಟರೆ ದರವೂ ಇಳಿಯುತ್ತದೆ.

ಅರಬೈಲು ಲೋಡು:
ಹೆಂಚು ಒಂದಕ್ಕೆ ಎರಡು ಕಿಲೋ ಮೇಲೆ ತೂಕ. ಒಂದೂವರೆ ಟನ್ ಪಿಕಪ್ಪಿಗೆ 600–700 ಹೆಂಚು, ಅಂದರೆ ನಾಲ್ಕು ಸಣ್ಣ ಮಾಡು. ಹೊರಗಿನಿಂದ ತರುವುದಾದರೆ ಲಾರಿಗೆ ದಾರಿ ಬಿಡುವ ತನಕ ತಾಡಪಾಲು, ಆಮೇಲೆ ಹೆಂಚು. ಅದೇ ಪಿಕಪ್ಪಿಗೆ 8 ಕಿಲೋ ತೂಕದ ತಾಡಪಾಲು 180 ಹೊರಿಸಬಹುದು, 180 ಮನೆ.

ಶಿರಸಿ ಸೀಮೆ:
ಹಾಗಾದರೆ ಖಾತೆಯವರ 2,000ದ ಪ್ರಶ್ನೆಗೆ ಬರೋಣ. ನನ್ನ ಸಲಹೆ ಸರಾಸರಿ ಖರೀದಿ. 40 ತಾಡಪಾಲು 1,000ದ್ದು ಕೈಯಲ್ಲಿದೆ, 20 ಹೊಸದು 1,300ಕ್ಕೆ ಬಂತು. ಒಟ್ಟು 66,000, ಅರವತ್ತಕ್ಕೆ ಹಂಚಿದರೆ 1,100. ಅದರ ಮೇಲೆ ಮೊದಲು ಎಷ್ಟು ರೂಪಾಯಿ ಲಾಭ ಇಡುತ್ತಿದ್ದಿರೋ ಅಷ್ಟೇ ರೂಪಾಯಿ ಇಡಿ, ಶೇಕಡಾವಾರು ಬೇಡ. ಶೇಕಡಾ ಹಿಡಿದರೆ ಖರೀದಿ ದರ ಏರಿದಷ್ಟೂ ಲಾಭ ತಾನಾಗಿ ಉಬ್ಬುತ್ತದೆ. 1,200ಕ್ಕೆ ಎಲ್ಲರಿಗೂ ಒಂದೇ ದರ, ಹಲಗೆಯ ಮೇಲೆ ಬರೆದು. ಹೊಸ ಮಾಲು ಬಂದಿಲ್ಲ ಅನ್ನುವ ತನಕ ಹಳೆ 1,100ವೇ, ಮನೆಗೆ ಒಂದು ಮಾತ್ರ, ರೇಷನ್ ಕಾರ್ಡ್ ನೋಡಿ. ಮಿತಿ ಇಡದೆ ಹಳೆ ದರಕ್ಕೆ ಕೊಟ್ಟರೆ ಮೊದಲು ಬಂದ ನಾಲ್ವರು ಹತ್ತು ಹತ್ತು ಒಯ್ದು ಸಂಜೆ ಬಸ್‌ಸ್ಟ್ಯಾಂಡಿನಲ್ಲಿ 2,000ಕ್ಕೆ ಮಾರುತ್ತಾರೆ. ಆಗ ಸುಲಿಗೆ ತಪ್ಪಲಿಲ್ಲ, ಕೈ ಬದಲಾಯಿತು.

ಕಿರಾಣಿ ಖಾತೆ:
ಸರಾಸರಿ ಲೆಕ್ಕ ಒಪ್ಪಬಹುದು. ಮನೆಗೆ ಒಂದು ಅನ್ನುವುದು ಕಷ್ಟ. ಎರಡು ಒಲೆ ಇರುವ ಮನೆ, ದನದ ಕೊಟ್ಟಿಗೆ, ಮಾಡು ಬೇರೆ ಬೇರೆ. ಕೊಡಲ್ಲ ಅಂದರೆ ಮೂವತ್ತು ವರ್ಷದ ಗಿರಾಕಿ ಮುನಿಸಿಕೊಳ್ಳುತ್ತಾನೆ.

ತೂಕ ಅಳತೆ:
ಕೊಟ್ಟಿಗೆಗೆ 90 ಜಿಎಸ್‌ಎಂ ಕೊಡಿ, 90 ಅಂತ ಹೇಳಿಯೇ, 90ರ ದರಕ್ಕೇ. ಮತ್ತೆ, ಯಾರೇ ಆಗಲಿ ದೂರು ಕೊಡುವುದಿದ್ದರೆ ಬಿಲ್ಲಿಲ್ಲದೆ ಹೋಗಬೇಡಿ. ಎಂಆರ್‌ಪಿ ಪ್ರಕರಣಕ್ಕೆ ಬಿಲ್ಲು, ಪೊಟ್ಟಣದ ದರ ಕಾಣುವ ಫೋಟೋ, ದಿನಾಂಕ. ಕಾನೂನು ಮಾಪನಶಾಸ್ತ್ರ ಇಲಾಖೆಯ ನಿರೀಕ್ಷಕರಿಗೆ ಅಥವಾ ಗ್ರಾಹಕ ಸಹಾಯವಾಣಿ 1915ಕ್ಕೆ. ಬಿಲ್ಲು ಕೊಡದಿದ್ದರೆ ಯುಪಿಐನಲ್ಲಿ ಪಾವತಿಸಿ, ಷರಾದಲ್ಲಿ ಮಾಲಿನ ಹೆಸರು ಬರೆಯಿರಿ.

ಬೈತಖೋಲ:
ಕರೆಂಟಿಲ್ಲದ ಊರಲ್ಲಿ ಮೊಬೈಲ್ ಚಾರ್ಜಿಗೆ ತಲಾ 50 ಕೇಳುವವರದ್ದು? ಸಣ್ಣ ಜನರೇಟರ್ ಗಂಟೆಗೆ ಒಂದು ಲೀಟರಿನಷ್ಟು ಪೆಟ್ರೋಲ್ ಕುಡಿಯುತ್ತದೆ, ಇಪ್ಪತ್ತೈದು ಮೊಬೈಲು ಒಟ್ಟಿಗೆ ಹಾಕಬಹುದು, ತುಂಬಲು ಎರಡು ಗಂಟೆ. ಎರಡು ಲೀಟರ್ ಪೆಟ್ರೋಲಿಗೆ 210 ಅಂದರೂ ಒಂದು ಮೊಬೈಲಿಗೆ ಎಂಟೂವರೆ ರೂಪಾಯಿ.

ಅರಬೈಲು ಲೋಡು:
ಪೆಟ್ರೋಲ್ ಬಂಕಿನವರೆಗೆ ಹೋಗಿ ಕ್ಯಾನು ತುಂಬಿ ತರುವವನ ಕೂಲಿ ಸೇರಿಸಿ, 15 ಅನ್ನಿ. ಐವತ್ತಕ್ಕೆ ಲೆಕ್ಕ ಕೂಡುವುದಿಲ್ಲ.